ಬಾಹ್ಯಾಕಾಶ, ಕಾಲ, ಯಂತ್ರ: ಮೊದಲು ಯಾವ ಸೈನ್ಸ್ ಫಿಕ್ಷನ್ ಚಿತ್ರ?

ಒಂದು ಸೈನ್ಸ್ ಫಿಕ್ಷನ್ ಚಿತ್ರವನ್ನು ಮೆಚ್ಚಿದವರು ಮುಂದೆ ಯಾವುದನ್ನು ನೋಡಬೇಕೆಂದು ಕೇಳಿದರೆ, ಅವರಿಗೆ ಸಾಮಾನ್ಯವಾಗಿ ಸಿಗುವುದು ಹೆಸರಾದ ಹತ್ತು ಚಿತ್ರಗಳ ಪಟ್ಟಿ. ಪಟ್ಟಿಯಲ್ಲಿರುವವೆಲ್ಲ ಒಳ್ಳೆಯ ಚಿತ್ರಗಳೇ ಆಗಿದ್ದರೂ ಕೇಳಿದವರಿಗೆ ಅದರಿಂದಾಗುವ ಉಪಕಾರ ಕಡಿಮೆ. ಕಲಬುರಗಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಓದುತ್ತಿರುವ ಹುಡುಗನಿಗೆ ಹಿಡಿಸುವ ಚಿತ್ರವು, ಯಾದಗಿರಿಯಲ್ಲಿ ಭಾನುವಾರ ಸಂಜೆ ಮಕ್ಕಳನ್ನೂ ವಯಸ್ಸಾದ ಅತ್ತೆಯನ್ನೂ ಜೊತೆಗೆ ಕೂರಿಸಿಕೊಂಡು ಟಿವಿ ಹಚ್ಚುವ ಹೆಣ್ಣುಮಗಳಿಗೆ ಹಿಡಿಸಬೇಕೆಂದಿಲ್ಲ. ಆದುದರಿಂದ ಇಲ್ಲಿ ಒಂದೇ ಬಗೆಯ ಚಿತ್ರಗಳನ್ನು ಎದುರುಬದುರು ಇಟ್ಟು, ಯಾರು ಯಾವುದರಿಂದ ಶುರುಮಾಡುವುದು ಲೇಸು ಎಂಬುದನ್ನು ಹೇಳಲು ಯತ್ನಿಸಿದ್ದೇನೆ.

ಹೋಲಿಸುವಾಗ ನಾನು ಬಳಸುವ ಒರೆಗಲ್ಲು ಒಂದೇ. ಚಿತ್ರದೊಳಗಿನ ವಿಜ್ಞಾನವನ್ನು ಕಿತ್ತುಹಾಕಿದರೆ ಕತೆ ನಿಲ್ಲುತ್ತದೆಯೇ? ನಿಲ್ಲುತ್ತದೆ ಎಂದಾದರೆ ಅಲ್ಲಿನ ಗಗನನೌಕೆ, ಲೇಸರ್, ಯಂತ್ರಮಾನವರೆಲ್ಲ ವೇಷಭೂಷಣ ಮಾತ್ರ; ಅದೇ ಜಗಳವನ್ನು ಯಾವುದಾದರೂ ಊರಿನ ಇಬ್ಬರು ಗೌಡರ ನಡುವೆಯೂ ನಡೆಸಬಹುದಿತ್ತು. ವಿಜ್ಞಾನವನ್ನು ತೆಗೆದೊಡನೆ ಕತೆಯೂ ಕುಸಿಯುತ್ತದೆ ಎಂದಾದರೆ, ನಾಯಕಿಯ ಅಳುವಿಗೂ ನಾಯಕನ ಸೋಲಿಗೂ ಆ ವಿಜ್ಞಾನವೇ ಕಾರಣವಾಗಿದೆ ಎಂದು ಅರ್ಥ, ಮತ್ತು ಅಂಥ ಚಿತ್ರವೇ ಈ ಪ್ರಕಾರದ ನಿಜವಾದ ಫಲ. ಚಿತ್ರದ ವಿಜ್ಞಾನವು ಪಠ್ಯಪುಸ್ತಕದಷ್ಟು ಸರಿಯಾಗಿರಬೇಕೆಂದು ನಾನು ಕೇಳುವುದಿಲ್ಲ. ಮೊದಲ ಅರ್ಧ ಗಂಟೆಯಲ್ಲಿ ತಾನೇ ಹಾಕಿಕೊಂಡ ನಿಯಮವನ್ನು ಕೊನೆಯ ಅರ್ಧ ಗಂಟೆಯಲ್ಲಿ ಚಿತ್ರ ಮುರಿಯಬಾರದು ಎಂದಷ್ಟೇ ಕೇಳುತ್ತೇನೆ.

ಭಾಷೆಯ ವಿಷಯದಲ್ಲಿ ನಮ್ಮ ಭಾಗದವರು ಭಾಗ್ಯವಂತರು. ಸೇಡಂ, ಗುರುಮಠಕಲ್ ಕಡೆಯವರಿಗೆ ತೆಲುಗು, ಆಳಂದ, ಬಸವಕಲ್ಯಾಣದ ಕಡೆಯವರಿಗೆ ಮರಾಠಿ, ಎಲ್ಲರಿಗೂ ಅಷ್ಟಿಷ್ಟು ದಖನಿ ಉರ್ದು ಬರುವುದರಿಂದ ತೆಲುಗು ಮತ್ತು ಹಿಂದಿ ಚಿತ್ರಗಳು ನಮಗೆ ಪರಭಾಷೆಯ ಚಿತ್ರಗಳೆಂದು ಅನ್ನಿಸುವುದೇ ಇಲ್ಲ. ಇಂಗ್ಲಿಷ್ ಚಿತ್ರಗಳಿಗೆ ಮಾತ್ರ ಸ್ವಲ್ಪ ಯೋಚನೆ ಬೇಕು.

ಬಾಹ್ಯಾಕಾಶದ ಚಿತ್ರಗಳಿಂದ ಆರಂಭಿಸೋಣ. ಈ ಬಗೆಯಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರುಗಳು ಮೂರು: ರಿಡ್ಲಿ ಸ್ಕಾಟ್ ಅವರ ‘ದಿ ಮಾರ್ಷಿಯನ್’ (2015), ಕ್ರಿಸ್ಟೋಫರ್ ನೋಲನ್ ಅವರ ‘ಇಂಟರ್‌ಸ್ಟೆಲ್ಲರ್’ (2014) ಮತ್ತು ಅಲ್ಫಾನ್ಸೊ ಕ್ವಾರೋನ್ ಅವರ ‘ಗ್ರ್ಯಾವಿಟಿ’ (2013). ಮೊದಲ ಸಲ ನೋಡುವವರಿಗೆ ನಾನು ಹಿಂದುಮುಂದು ನೋಡದೆ ‘ದಿ ಮಾರ್ಷಿಯನ್’ ಅನ್ನೇ ಸೂಚಿಸುತ್ತೇನೆ. ಮಂಗಳ ಗ್ರಹದಲ್ಲಿ ಒಬ್ಬಂಟಿಯಾಗಿ ಉಳಿದುಹೋದ ಸಸ್ಯವಿಜ್ಞಾನಿಯೊಬ್ಬ ಇರುವ ಆಹಾರವನ್ನು ಲೆಕ್ಕಹಾಕಿ, ಮನುಷ್ಯರ ಮಲವನ್ನೇ ಗೊಬ್ಬರವಾಗಿಸಿ, ರಾಕೆಟ್ ಇಂಧನವಾದ ಹೈಡ್ರಜೀನಿನಿಂದ ನೀರು ತಯಾರಿಸಿ ಆಲೂಗಡ್ಡೆ ಬೆಳೆಯುತ್ತಾನೆ. ಮಳೆ ಬರುವುದೋ ಇಲ್ಲವೋ ಎಂಬ ಆತಂಕದಲ್ಲಿ ತೊಗರಿ ಬಿತ್ತಿ, ಮುಂದಿನ ಬೆಳೆಯವರೆಗೆ ಮನೆಯ ಕಾಳು ಸಾಲುವುದೋ ಇಲ್ಲವೋ ಎಂದು ಲೆಕ್ಕ ಹಾಕುವ ಮನೆಗಳಲ್ಲಿ ಬೆಳೆದವರಿಗೆ ಈ ಚಿತ್ರದ ಆತಂಕ ಯಾವ ವಿವರಣೆಯೂ ಇಲ್ಲದೆ ತಟ್ಟುತ್ತದೆ. ಇಲ್ಲಿ ಖಳನಾಯಕನಿಲ್ಲ; ಶೀತ, ದೂರ ಮತ್ತು ಹಸಿವುಗಳೇ ಎದುರಾಳಿಗಳು. ಪ್ರತಿಯೊಂದು ತೊಂದರೆಗೂ ಪರಿಹಾರ ಬರುವುದು ರಸಾಯನಶಾಸ್ತ್ರದಿಂದ ಅಥವಾ ಗಣಿತದಿಂದ. ಆರಂಭದ ಬಿರುಗಾಳಿ ಮಾತ್ರ ಸುಳ್ಳು, ಏಕೆಂದರೆ ಮಂಗಳದ ವಾಯುಮಂಡಲದ ಒತ್ತಡವು ಭೂಮಿಯದರ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ ಇದ್ದು, ಅಲ್ಲಿನ ಗಾಳಿ ಎಷ್ಟೇ ವೇಗವಾಗಿ ಬೀಸಿದರೂ ನೌಕೆಯನ್ನು ಉರುಳಿಸಲಾರದು; ಮೂಲ ಕಾದಂಬರಿ ಬರೆದ ಆಂಡಿ ವೀರ್ ಇದನ್ನು ತಾವೇ ಒಪ್ಪಿಕೊಂಡಿದ್ದಾರೆ. ಮಂಗಳದ ಮಣ್ಣಿನಲ್ಲಿ ಪರ್ಕ್ಲೋರೇಟ್ ಎಂಬ ವಿಷಕಾರಿ ಲವಣವಿರುವುದನ್ನು ಫೀನಿಕ್ಸ್ ನೌಕೆ 2008ರಲ್ಲಿಯೇ ಪತ್ತೆಹಚ್ಚಿತ್ತು ಎಂಬುದನ್ನೂ ಮಕ್ಕಳಿಗೆ ಹೇಳಿಕೊಡಬಹುದು. ನಮ್ಮ ಮಂಗಳಯಾನವು 2014ರ ಸೆಪ್ಟೆಂಬರ್ 24ರಂದು ಆ ಗ್ರಹದ ಕಕ್ಷೆಯನ್ನು ಸೇರಿದ ಮರುವರ್ಷವೇ ಈ ಚಿತ್ರ ಬಂದುದರಿಂದ ಶಾಲಾ ಶಿಕ್ಷಕರಿಗೆ ಮಾತು ಆರಂಭಿಸಲು ಇದಕ್ಕಿಂತ ಒಳ್ಳೆಯ ನೆಪ ಸಿಗಲಾರದು.

‘ಇಂಟರ್‌ಸ್ಟೆಲ್ಲರ್’ ಕೂಡ ಹೊಲದಲ್ಲಿಯೇ ಶುರುವಾಗುತ್ತದೆ. ಬೆಳೆರೋಗಕ್ಕೆ ಒಂದೊಂದೇ ಪೈರು ನಾಶವಾಗಿ, ಬೆಂಡೆಯ ಕೊನೆಯ ಬೆಳೆಯೂ ಮುಗಿದು, ಮೆಕ್ಕೆಜೋಳವೊಂದೇ ಉಳಿದಿರುವ, ಊಟದ ತಟ್ಟೆಯನ್ನು ಧೂಳಿಗೆ ಹೆದರಿ ಬೋರಲು ಹಾಕಿಡುವ ಭೂಮಿ ಅದು. ಆ ಹೊಲಕ್ಕಾಗಿ ಕೆನಡಾದ ಆಲ್ಬರ್ಟಾದಲ್ಲಿ ನೂರಾರು ಎಕರೆ ಮೆಕ್ಕೆಜೋಳವನ್ನು ನಿಜವಾಗಿಯೇ ಬೆಳೆಸಲಾಯಿತು. ಚಿತ್ರದ ಹೃದಯವಿರುವುದು ಕಾಲದ ಲೆಕ್ಕದಲ್ಲಿ. ಕಪ್ಪುರಂಧ್ರದ ಸಮೀಪದ ಗ್ರಹವೊಂದರಲ್ಲಿ ಕಳೆದ ಒಂದು ಗಂಟೆಯು ಭೂಮಿಯ ಏಳು ವರ್ಷಗಳಿಗೆ ಸಮ. ಅಲ್ಲಿಂದ ಮರಳಿದ ತಂದೆ, 23 ವರ್ಷಗಳಲ್ಲಿ ಮಕ್ಕಳು ಕಳಿಸಿದ ಸಂದೇಶಗಳನ್ನು ಒಂದಾದ ಮೇಲೊಂದರಂತೆ ನೋಡುತ್ತ ಕೂರುವ ದೃಶ್ಯವನ್ನು ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವಿಲ್ಲದೆ ಬರೆಯಲು ಸಾಧ್ಯವೇ ಇರಲಿಲ್ಲ. ನನ್ನ ಒರೆಗಲ್ಲಿಗೆ ಇಷ್ಟು ಚೆನ್ನಾಗಿ ಹೊಳೆದ ದೃಶ್ಯಗಳು ವಿರಳ. ಭೌತವಿಜ್ಞಾನಿ ಕಿಪ್ ಥಾರ್ನ್ ಅವರು ಕೊಟ್ಟ ಸಮೀಕರಣಗಳ ಆಧಾರದಿಂದಲೇ ಕಪ್ಪುರಂಧ್ರದ ಚಿತ್ರವನ್ನು ಗಣಕಯಂತ್ರದಲ್ಲಿ ರಚಿಸಲಾಯಿತು, ಮತ್ತು 2019ರಲ್ಲಿ ವಿಜ್ಞಾನಿಗಳು ಎಂ87 ಗೆಲಾಕ್ಸಿಯ ಕಪ್ಪುರಂಧ್ರದ ನಿಜವಾದ ಚಿತ್ರವನ್ನು ಬಿಡುಗಡೆ ಮಾಡಿದಾಗ ಅನೇಕರಿಗೆ ನೆನಪಾದದ್ದು ಈ ಚಿತ್ರವೇ. ಥಾರ್ನ್ ಅವರಿಗೆ ಗುರುತ್ವ ಅಲೆಗಳ ಸಂಶೋಧನೆಗಾಗಿ 2017ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ಬಂದಿತು. ಇಷ್ಟಾದರೂ ಇದನ್ನು ನಾನು ಎರಡನೆಯ ಸ್ಥಾನದಲ್ಲಿಡುತ್ತೇನೆ. 169 ನಿಮಿಷಗಳ ಈ ಚಿತ್ರದ ಕೊನೆಯ ಭಾಗದಲ್ಲಿ ಭೌತಶಾಸ್ತ್ರದ ಕೈಬಿಟ್ಟು ಪ್ರೀತಿಯ ಕೈ ಹಿಡಿದಂತೆ ಕಾಣುತ್ತದೆ. ಭಾವುಕರಿಗೆ ಆ ಭಾಗವೇ ಅತ್ಯಂತ ಪ್ರಿಯವಾಗಬಹುದು, ನನಗೆ ಅದು ನಿಯಮಭಂಗವೆಂದೇ ತೋರುತ್ತದೆ.

‘ಗ್ರ್ಯಾವಿಟಿ’ ಇವೆರಡಕ್ಕಿಂತ ಚಿಕ್ಕದು, ಬರಿಯ 91 ನಿಮಿಷ. ಉಪಗ್ರಹಗಳ ಚೂರುಗಳು ಒಂದಕ್ಕೊಂದು ಬಡಿದು ಇನ್ನಷ್ಟು ಚೂರುಗಳಾಗುವ ಅಪಾಯ ನಿಜವಾದದ್ದು. ನಿರ್ವಾತದಲ್ಲಿ ಸ್ಫೋಟದ ಸದ್ದು ಕೇಳಿಸದಿರುವುದೂ ಸರಿ. ಹಬಲ್ ದೂರದರ್ಶಕದಿಂದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ತೇಲಿಕೊಂಡು ಹೋಗುವುದು ಮಾತ್ರ ಆಗದ ಮಾತು, ಏಕೆಂದರೆ ಅವೆರಡರ ಕಕ್ಷೆಗಳ ಎತ್ತರವೂ ವಾಲಿಕೆಯೂ ಬೇರೆ ಬೇರೆ. ದೊಡ್ಡ ಪರದೆ ಸಿಕ್ಕರೆ ಮಾತ್ರ ಇದನ್ನು ಆರಿಸಿಕೊಳ್ಳಿ. ಮೊಬೈಲಿನಲ್ಲಿ ನೋಡಿದರೆ ಇದರ ಮುಕ್ಕಾಲು ಪಾಲು ಕಳೆದುಹೋಗುತ್ತದೆ.

ಅನ್ಯಗ್ರಹದ ಜೀವಿಗಳ ಕುರಿತ ಚಿತ್ರಗಳಲ್ಲಿ ಹೋಲಿಸಬೇಕಾದವು ರಾಬರ್ಟ್ ಜೆಮೆಕಿಸ್ ಅವರ ‘ಕಾಂಟ್ಯಾಕ್ಟ್’ (1997) ಮತ್ತು ಡೆನಿ ವಿಲ್‌ನವ್ ಅವರ ‘ಅರೈವಲ್’ (2016). ಖಗೋಳವಿಜ್ಞಾನಿ ಕಾರ್ಲ್ ಸೇಗನ್ 1985ರಲ್ಲಿ ಪ್ರಕಟಿಸಿದ ಕಾದಂಬರಿಯಿಂದ ಹುಟ್ಟಿದ ‘ಕಾಂಟ್ಯಾಕ್ಟ್’ನಲ್ಲಿ ಅಭಿಜಿತ್ ನಕ್ಷತ್ರದ ಕಡೆಯಿಂದ ರೇಡಿಯೊ ಸಂಕೇತವೊಂದು ಬರುತ್ತದೆ, ಮತ್ತು ಅದು ಅವಿಭಾಜ್ಯ ಸಂಖ್ಯೆಗಳ ಸಾಲಾಗಿರುವುದರಿಂದ ಪ್ರಕೃತಿಯ ಗದ್ದಲವಲ್ಲ, ಬುದ್ಧಿಯುಳ್ಳವರ ಕರೆ ಎಂದು ತಿಳಿಯುತ್ತದೆ. ಗಣಿತವೇ ಎಲ್ಲರಿಗೂ ತಿಳಿಯುವ ಭಾಷೆ ಎಂಬ ಈ ವಿಚಾರವು, ಒಂಬತ್ತನೆಯ ಶತಮಾನದಲ್ಲಿ ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯರ ಕಾಲದ ರಾಷ್ಟ್ರಕೂಟ ರಾಜಧಾನಿ ಮಳಖೇಡವನ್ನು ತನ್ನೊಳಗೆ ಇಟ್ಟುಕೊಂಡಿರುವ ಜಿಲ್ಲೆಯವರಿಗೆ ಹೆಮ್ಮೆಯಿಂದ ನೋಡುವಂಥದು. ಪುಣೆ ಜಿಲ್ಲೆಯ ನಾರಾಯಣಗಾಂವ್ ಬಳಿ 45 ಮೀಟರ್ ವ್ಯಾಸದ 30 ಡಿಶ್‌ಗಳುಳ್ಳ ರೇಡಿಯೊ ದೂರದರ್ಶಕವಿದೆ. ಚಿತ್ರ ಮೆಚ್ಚಿದ ವಿದ್ಯಾರ್ಥಿಗಳು ಆ ಕಡೆ ಹೋದಾಗ ಅದರ ಬಗ್ಗೆ ವಿಚಾರಿಸಬೇಕು. ನಂಬಿಕೆ ಮತ್ತು ಪುರಾವೆಗಳ ನಡುವಿನ ವಾದ ಈ ಚಿತ್ರದಲ್ಲಿ ಸ್ವಲ್ಪ ಉದ್ದವಾಯಿತಾದರೂ ಎರಡೂ ಕಡೆಯವರಿಗೆ ಮರ್ಯಾದೆ ಕೊಟ್ಟಿದೆ.

‘ಅರೈವಲ್’ ಅನ್ನು ನಾನು ಈ ಬರಹದ ಎಲ್ಲ ಚಿತ್ರಗಳಿಗಿಂತ ಮೇಲೆ ಇಡುತ್ತೇನೆ. ಭೂಮಿಯ ಹನ್ನೆರಡು ಕಡೆ ಬಂದಿಳಿದ ಜೀವಿಗಳೊಡನೆ ಮಾತನಾಡಲು ಸೈನ್ಯವು ಕರೆಸಿಕೊಳ್ಳುವುದು ಒಬ್ಬ ಭಾಷಾವಿಜ್ಞಾನಿಯನ್ನು. ಆ ಜೀವಿಗಳ ಬರವಣಿಗೆಗೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಒಂದು ಇಡೀ ವಾಕ್ಯ ಒಂದೇ ಮಸಿಯ ವೃತ್ತವಾಗಿ ಮೂಡುತ್ತದೆ. ಆ ಲಿಪಿಯನ್ನು ಕಲಿಯುತ್ತ ಹೋದಂತೆ ಆಕೆ ಕಾಲವನ್ನು ಗ್ರಹಿಸುವ ಬಗೆಯೇ ಬದಲಾಗುತ್ತದೆ. ಕಲಿತ ಭಾಷೆ ನಮ್ಮ ಯೋಚನೆಯನ್ನು ತಿದ್ದುತ್ತದೆ ಎಂಬ ವಾದವನ್ನು ಭಾಷಾವಿಜ್ಞಾನಿಗಳು ಇಷ್ಟು ಬಲವಾದ ರೂಪದಲ್ಲಿ ಒಪ್ಪುವುದಿಲ್ಲ. ಆದರೆ ಟೆಡ್ ಚಿಯಾಂಗ್ ಅವರ 1998ರ ನೀಳ್ಗತೆಯನ್ನು ಆಧರಿಸಿದ ಈ ಚಿತ್ರವು ಆ ಊಹೆಯನ್ನು ಕೊನೆಯವರೆಗೂ ನಿಷ್ಠೆಯಿಂದ ನಡೆಸಿಕೊಂಡು ಹೋಗಿ, ಮಗಳನ್ನು ಕುರಿತ ಒಂದು ನಿರ್ಧಾರದಲ್ಲಿ ತಂದು ನಿಲ್ಲಿಸುತ್ತದೆ. ಸಂತೆಯಲ್ಲಿ ಕನ್ನಡ, ಅಂಗಡಿಯಲ್ಲಿ ಉರ್ದು, ಬೀಗರ ಮನೆಯಲ್ಲಿ ತೆಲುಗು ಅಥವಾ ಮರಾಠಿ ಮಾತನಾಡುತ್ತ, ಭಾಷೆ ಬದಲಾದಂತೆ ತಮ್ಮ ಧಾಟಿಯೂ ಕೋಪದ ಬಗೆಯೂ ಬದಲಾಗುವುದನ್ನು ಬಲ್ಲ ನಮ್ಮ ಜನರು ಈ ಚಿತ್ರಕ್ಕೆ ಹೇಳಿ ಮಾಡಿಸಿದ ಪ್ರೇಕ್ಷಕರು. 116 ನಿಮಿಷಗಳಲ್ಲಿ ಹೊಡೆದಾಟ ಬಹುತೇಕ ಇಲ್ಲ. ವೇಗ ಬೇಕಾದವರು, ಜೊತೆಗೆ ಮಕ್ಕಳಿರುವವರು ಸ್ಪೀಲ್‌ಬರ್ಗ್ ಅವರ ‘ಇ.ಟಿ.’ (1982) ಅಥವಾ ಹಿಂದಿಯ ‘ಕೋಯಿ ಮಿಲ್ ಗಯಾ’ (2003) ಚಿತ್ರಕ್ಕೆ ಹೋಗುವುದು ಒಳ್ಳೆಯದು, ಎರಡರಲ್ಲಿ ‘ಇ.ಟಿ.’ಯ ಕುಸುರಿ ಮೇಲು, ಹಿಂದಿ ಚಿತ್ರದ ಹಾಡುಗಳಿಂದಾಗಿ ಚಿಕ್ಕ ಮಕ್ಕಳು ಅದರ ಮುಂದೆ ಹೆಚ್ಚು ಹೊತ್ತು ಕೂರುತ್ತಾರೆ.

ಕಾಲಯಾನದ ಚಿತ್ರಗಳಿಗೆ ಬಂದರೆ ನಮ್ಮ ಭಾಗದ ಮನೆಗಳಿಗೆ ನನ್ನ ಮೊದಲ ಸಲಹೆ ಹಾಲಿವುಡ್ಡಿನದಲ್ಲ. 1991ರ ತೆಲುಗು ಚಿತ್ರ ‘ಆದಿತ್ಯ 369’ ಇಂದಿಗೂ ಹಳತಾಗಿಲ್ಲ. ನಿರ್ದೇಶಕ ಸಿಂಗೀತಂ ಶ್ರೀನಿವಾಸರಾವ್ ಕನ್ನಡಿಗರಿಗೆ ಅಪರಿಚಿತರಲ್ಲ. ರಾಜ್‌ಕುಮಾರ್ ಅವರ ‘ಹಾಲು ಜೇನು’, ‘ಚಲಿಸುವ ಮೋಡಗಳು’ ಚಿತ್ರಗಳನ್ನೂ, ಒಂದೂ ಮಾತಿಲ್ಲದ ‘ಪುಷ್ಪಕ ವಿಮಾನ’ವನ್ನೂ ಮಾಡಿದವರು ಅವರೇ. ‘ಆದಿತ್ಯ 369’ರಲ್ಲಿ ಕಾಲಯಂತ್ರವು ನಾಯಕ ನಾಯಕಿಯರನ್ನು ಮೊದಲು 1526ರ ಶ್ರೀಕೃಷ್ಣದೇವರಾಯನ ವಿಜಯನಗರಕ್ಕೂ, ಆಮೇಲೆ ಅಣುಯುದ್ಧದಲ್ಲಿ ಬೆಂದುಹೋದ 2504ರ ಭೂಮಿಗೂ ಒಯ್ಯುತ್ತದೆ. ಒಂದೇ ವಜ್ರದ ಕಳ್ಳತನದ ಎಳೆಯು ಮೂರು ಕಾಲಗಳನ್ನೂ ಹೊಲಿಯುತ್ತದೆ. ಹಂಪಿಯನ್ನು ಪಾಳು ಕಲ್ಲುಗಳಾಗಿಯೇ ಕಂಡಿರುವ, 1520ರ ರಾಯಚೂರು ಕದನವನ್ನು ಪಾಠದಲ್ಲಿ ಓದಿರುವ ಮಕ್ಕಳಿಗೆ ಅದೇ ಅರಸನ ಸಭೆಯೊಳಗೆ ಇಪ್ಪತ್ತನೆಯ ಶತಮಾನದ ಹುಡುಗನೊಬ್ಬ ನಿಲ್ಲುವುದನ್ನು ನೋಡುವ ಸಂತೋಷ ಬೇರೆಯೇ. ಮುತ್ಯಾ, ಆಯಿ, ಮೊಮ್ಮಕ್ಕಳು ಮೂವರೂ ಒಟ್ಟಿಗೆ ಕೂತು ನೋಡಬಹುದಾದ ಚಿತ್ರ ಇದು. ವಿಕ್ರಮ್ ಕುಮಾರ್ ನಿರ್ದೇಶನದ, ಸೂರ್ಯ ನಟಿಸಿದ ತಮಿಳಿನ ‘24’ (2016) ಚಿತ್ರದಲ್ಲಿ ಕಾಲಯಂತ್ರವಾಗಿರುವ ಕೈಗಡಿಯಾರ ಹೆಚ್ಚು ಜಾಣತನದ್ದು, ಆದರೆ ದ್ವಿತೀಯಾರ್ಧದಲ್ಲಿ ಪ್ರಣಯದ ಭಾಗ ಕತೆಯನ್ನು ನಿಧಾನಗೊಳಿಸುತ್ತದೆ. ಚಿತ್ರಕಥೆಯ ಬಿಗಿಯನ್ನೇ ನೋಡುವುದಾದರೆ ‘ಬ್ಯಾಕ್ ಟು ದಿ ಫ್ಯೂಚರ್’ಗೆ (1985) ಸಾಟಿಯಿಲ್ಲ, 1955ಕ್ಕೆ ಹೋದ ಹುಡುಗನಿಂದ ತನ್ನ ತಂದೆತಾಯಿಯರ ಭೇಟಿಯೇ ತಪ್ಪಿಹೋಗಿ ಅವನ ಹುಟ್ಟೇ ಅಪಾಯಕ್ಕೆ ಸಿಕ್ಕುವ ಆ ಕತೆಯಲ್ಲಿ ಮೊದಲು ಹೇಳಿದ ಒಂದು ಮಾತೂ ಮುಂದೆ ವ್ಯರ್ಥವಾಗುವುದಿಲ್ಲ. ಕನ್ನಡದ್ದೇ ಬೇಕೆನ್ನುವವರಿಗೆ ಶ್ರೀನಿಧಿ ಬೆಂಗಳೂರು ನಿರ್ದೇಶನದ ‘ಬ್ಲಿಂಕ್’ (2024) ಇದೆ, ಮತ್ತು ಅದು ದೊಡ್ಡ ತಾರೆಯರ ಆಸರೆಯಿಲ್ಲದೆ ಮಾಡಿದ ಧೈರ್ಯದ ಪ್ರಯತ್ನ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಾಗದ, ಪೆನ್ನು ಹಿಡಿದು ಕೂರಲು ಸಿದ್ಧರಿದ್ದರೆ 77 ನಿಮಿಷಗಳ ‘ಪ್ರೈಮರ್’ (2004) ನೋಡಬಹುದು. ಉಳಿದವರು ಅದನ್ನು ಬಿಡಬಹುದು.

ಯಂತ್ರಮಾನವರ ಚಿತ್ರಗಳಲ್ಲಿ ಚಿಕ್ಕ ಮಕ್ಕಳಿರುವ ಮನೆಯವರು ಬೇರೆ ಯೋಚನೆಯಿಲ್ಲದೆ ‘ವಾಲ್-ಇ’ (2008) ತೆಗೆದುಕೊಳ್ಳಲಿ. ಮೊದಲ ಅರ್ಧ ಗಂಟೆಗೂ ಮೀರಿ ಅದರಲ್ಲಿ ಮಾತೇ ಇಲ್ಲವೆನ್ನುವಷ್ಟು ಕಡಿಮೆ ಇರುವುದರಿಂದ ಇಂಗ್ಲಿಷ್ ಬಾರದ ಮಗುವಿಗೂ ಕಸ ಒಟ್ಟುವ ಆ ಒಂಟಿ ಯಂತ್ರದ ಮನಸ್ಸು ತಿಳಿಯುತ್ತದೆ. ದೊಡ್ಡವರಿಗೆ ಶಂಕರ್ ನಿರ್ದೇಶನದ ‘ಎಂದಿರನ್’ (2010) ಇದೆ. ತೆಲುಗಿನಲ್ಲಿ ‘ರೋಬೋ’, ಹಿಂದಿಯಲ್ಲಿ ‘ರೋಬೋಟ್’ ಎಂದು ಸಿಗುತ್ತದೆ. ಇದರ ಕೊನೆಯ ಮುಕ್ಕಾಲು ಗಂಟೆಯ ಯಂತ್ರಗಳ ಮಹಾಯುದ್ಧವನ್ನೇ ಎಲ್ಲರೂ ಹೊಗಳುತ್ತಾರೆ; ಚಿತ್ರದ ನಿಜವಾದ ಬೆಲೆ ಇರುವುದು ಅದಕ್ಕಿಂತ ಬಹಳ ಮೊದಲು, ಬೆಂಕಿ ಬಿದ್ದ ಕಟ್ಟಡದಿಂದ ಸ್ನಾನ ಮಾಡುತ್ತಿದ್ದ ಹುಡುಗಿಯನ್ನು ಚಿಟ್ಟಿ ಎಂಬ ಯಂತ್ರಮಾನವ ಎತ್ತಿಕೊಂಡು ಬರುವ ಪ್ರಸಂಗದಲ್ಲಿ. ಪ್ರಾಣ ಉಳಿಸುವ ಆಜ್ಞೆಯನ್ನು ಯಂತ್ರ ಚಾಚೂ ತಪ್ಪದೆ ಪಾಲಿಸಿತು, ಆದರೆ ಮಾನವೆಂಬುದು ಅದಕ್ಕೆ ತಿಳಿಯದೆ ಹೋದುದರಿಂದ ಆ ಹುಡುಗಿ ಬದುಕಲಿಲ್ಲ. ಆಜ್ಞೆಗೂ ವಿವೇಕಕ್ಕೂ ನಡುವಿನ ಅಂತರವನ್ನು ಇಷ್ಟು ನೋವಿನಿಂದ ತೋರಿಸಿದ ದೃಶ್ಯ ನಮ್ಮ ದಕ್ಷಿಣದ ಚಿತ್ರಗಳಲ್ಲಿ ಇನ್ನೊಂದಿಲ್ಲವೆಂದು ನನ್ನ ನಂಬಿಕೆ. ಚಿಕ್ಕ ಮಕ್ಕಳ ಜೊತೆ ನೋಡುವವರು ಆ ಪ್ರಸಂಗದ ಬಗ್ಗೆ ಮೊದಲೇ ತಿಳಿದಿರಲಿ. ಇದಕ್ಕೆ ಎಂಟು ವರ್ಷ ಮೊದಲೇ, 2002ರಲ್ಲಿ, ದಿನೇಶ್ ಬಾಬು ನಿರ್ದೇಶನದ ಕನ್ನಡದ ‘ಹಾಲಿವುಡ್’ನಲ್ಲಿ ಉಪೇಂದ್ರ ಮನುಷ್ಯನಾಗಿಯೂ ಯಂತ್ರಮಾನವನಾಗಿಯೂ ಕಾಣಿಸಿಕೊಂಡಿದ್ದರು ಎಂಬುದನ್ನು ಮರೆಯಬಾರದು. ರಿಡ್ಲಿ ಸ್ಕಾಟ್ ಅವರ ‘ಬ್ಲೇಡ್ ರನ್ನರ್’ಗೆ (1982) ಹಲವು ಆವೃತ್ತಿಗಳಿರುವುದರಿಂದ, ನೋಡುವುದಾದರೆ 2007ರ ಫೈನಲ್ ಕಟ್ ಅನ್ನೇ ಹುಡುಕಿ ನೋಡಬೇಕು.

ಹೊಸ ಲೋಕವನ್ನೇ ಕಟ್ಟುವ ಭಾರಿ ಚಿತ್ರಗಳಲ್ಲಿ ಸದ್ಯ ಎದುರುಬದುರು ನಿಲ್ಲುವವು ವಿಲ್‌ನವ್ ಅವರ ‘ಡ್ಯೂನ್’ನ ಎರಡು ಭಾಗಗಳು (2021 ಮತ್ತು 2024) ಹಾಗೂ ನಾಗ್ ಅಶ್ವಿನ್ ಅವರ ‘ಕಲ್ಕಿ 2898 ಎಡಿ’ (2024). ‘ಕಲ್ಕಿ’ ಕನ್ನಡದ ಡಬ್ಬಿಂಗ್‌ನಲ್ಲಿಯೂ ಬಂದಿದ್ದು, ಮಹಾಭಾರತದ ಅಶ್ವತ್ಥಾಮನನ್ನು ಭವಿಷ್ಯದ ಕಾಶಿಯವರೆಗೆ ನಡೆಸಿಕೊಂಡು ಬಂದಿರುವ ಕಲ್ಪನೆ ಬಹಳ ಸೊಗಸಾಗಿದೆ. ಆದರೆ ವಿಜ್ಞಾನವನ್ನು ತೆಗೆದರೂ ಆ ಕತೆ ಪುರಾಣವಾಗಿ ನಿಂತೇ ನಿಲ್ಲುತ್ತದೆ. ‘ಡ್ಯೂನ್’ ಹಾಗಲ್ಲ. ಅಲ್ಲಿನ ಮರಳುಗಾಡಿನ ಜನರು ಬೆವರನ್ನೂ ಉಸಿರಿನ ತೇವವನ್ನೂ ಮರಳಿ ಕುಡಿಯುವ ನೀರಾಗಿಸುವ ಉಡುಪು ಧರಿಸುತ್ತಾರೆ, ಬಂಡೆಯೊಳಗಿನ ಕೊಳಗಳಲ್ಲಿ ನೀರನ್ನು ಕೂಡಿಡುತ್ತಾರೆ, ಮತ್ತು ಅವರ ನಂಬಿಕೆ, ಕಾನೂನು, ಯುದ್ಧಗಳೆಲ್ಲ ಆ ನೀರಿನ ಲೆಕ್ಕದಿಂದಲೇ ಹುಟ್ಟಿವೆ. ಬಹಮನಿ ಸುಲ್ತಾನರ ಕಾಲದಲ್ಲಿ ಪರ್ಷಿಯಾದ ವಿದ್ಯೆಯಿಂದ ಜಂಬಿಟ್ಟಿಗೆ ಕಲ್ಲನ್ನು ಕೊರೆದು ನೆಲದಡಿಯಲ್ಲಿ ನೀರು ಹರಿಸಿದ ಬೀದರಿನ ಕರೇಜನ್ನು ಕಂಡವರು ಈ ಚಿತ್ರ ನೋಡಿದರೆ, ನೀರಿನ ಅಭಾವವು ಒಂದು ನಾಡಿನ ಬುದ್ಧಿಯನ್ನು ಹೇಗೆ ರೂಪಿಸುತ್ತದೆ ಎಂಬುದು ಬಹು ಬೇಗ ಮನಸ್ಸಿಗೆ ಇಳಿಯುತ್ತದೆ. ಒಂದೇ ಸಂಜೆಗೆ ಸಂಭ್ರಮ ಬೇಕಾದರೆ ‘ಕಲ್ಕಿ’. ಎರಡು ಸಂಜೆಗಳನ್ನು ಕೊಡಬಲ್ಲಿರಾದರೆ ‘ಡ್ಯೂನ್’.

ಇನ್ನುಳಿದವು ಎರಡು ಮಹಾಚಿತ್ರಗಳು. ಸ್ಟ್ಯಾನ್ಲಿ ಕುಬ್ರಿಕ್ ಅವರ ‘2001: ಎ ಸ್ಪೇಸ್ ಒಡಿಸ್ಸಿ’ 1968ರಲ್ಲಿ, ಅಂದರೆ ಮನುಷ್ಯ ಚಂದ್ರನ ಮೇಲೆ ಕಾಲಿಡುವ ಒಂದು ವರ್ಷ ಮೊದಲು ಬಂದಿತು. ಆರಂಭದ ಸುಮಾರು 25 ನಿಮಿಷ ಅದರಲ್ಲಿ ಒಂದೂ ಮಾತಿಲ್ಲ. ತಿರುಗುವ ನೌಕೆಯಲ್ಲಿ ಕೃತಕ ಗುರುತ್ವ ಹುಟ್ಟುವ ಬಗೆ, ನಿರ್ವಾತದ ಮೌನ, ಗಗನಯಾತ್ರಿಗಳ ತುಟಿಯ ಚಲನೆಯಿಂದಲೇ ಅವರ ಗುಟ್ಟನ್ನು ಅರಿಯುವ ಹಾಲ್ 9000 ಗಣಕ, ಇವೆಲ್ಲ ಇಂದಿಗೂ ಅದೇ ನಿಖರತೆಯಿಂದ ನಿಂತಿವೆ. ರಷ್ಯಾದ ನಿರ್ದೇಶಕ ಆಂದ್ರೇ ತಾರ್ಕೋವ್‌ಸ್ಕಿ ಅವರಿಗೆ ಆ ಚಿತ್ರ ಹಿಡಿಸಲಿಲ್ಲ. 1972ರ ಅವರ ‘ಸೊಲಾರಿಸ್’ನಲ್ಲಿ ತಂತ್ರಜ್ಞಾನ ಹಿಂದೆ ಸರಿದು, ತೀರಿಹೋದ ಹೆಂಡತಿಯು ದೂರದ ಗ್ರಹವೊಂದರ ಸಾಗರದ ಶಕ್ತಿಯಿಂದ ಮರಳಿ ಎದುರು ಬಂದು ನಿಂತಾಗ ಗಂಡನಾದವನು ಏನು ಮಾಡಬೇಕು ಎಂಬ ಪ್ರಶ್ನೆ ಮುಂದೆ ಬರುತ್ತದೆ. ಕಣ್ಣು ಮತ್ತು ಬುದ್ಧಿಗೆ ಕುಬ್ರಿಕ್, ಅಂತಃಕರಣಕ್ಕೆ ತಾರ್ಕೋವ್‌ಸ್ಕಿ ಎಂದು ಆರಿಸಿಕೊಳ್ಳಬಹುದು. ಇವೆರಡನ್ನೂ ಯಾರೂ ಮೊದಲನೆಯ ಚಿತ್ರವಾಗಿ ನೋಡಬಾರದೆಂಬುದು ನನ್ನ ಬಲವಾದ ಅಭಿಪ್ರಾಯ. ‘ಅರೈವಲ್’ ಮೆಚ್ಚಿದವರು ಮಾತ್ರ ಮುಂದೆ ‘ಸೊಲಾರಿಸ್’ಗೆ ಹೋಗಲಿ, ‘ಇಂಟರ್‌ಸ್ಟೆಲ್ಲರ್’ ಮೆಚ್ಚಿದವರು ‘2001’ಕ್ಕೆ ಹೋಗಲಿ.

ನೋಡುವ ಅನುಕೂಲದ ಬಗ್ಗೆ ಎರಡು ಮಾತು. ‘ಡ್ಯೂನ್’, ‘ಇಂಟರ್‌ಸ್ಟೆಲ್ಲರ್’ಗಳಂಥ ಚಿತ್ರಗಳು ಮರುಬಿಡುಗಡೆಯಾದಾಗ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಬೇರೆ ಕೆಲಸವಿದ್ದರೆ ಅದಕ್ಕೆ ಹೊಂದಿಸಿಕೊಂಡು ದೊಡ್ಡ ಪರದೆಯಲ್ಲಿ ನೋಡುವುದು ಸಾರ್ಥಕ. ಮನೆಯಲ್ಲಿ ನೋಡುವಾಗ ‘ದಿ ಮಾರ್ಷಿಯನ್’ನಂಥ ಮಾತಿನ ಚಿತ್ರವನ್ನು ಹಿಂದಿ ಡಬ್ಬಿಂಗ್‌ನಲ್ಲಿ ನೋಡಿದರೆ ಹೆಚ್ಚಿನ ನಷ್ಟವಿಲ್ಲ, ಇಂಗ್ಲಿಷ್ ಓದಲು ತಡವರಿಸುವ ಹಿರಿಯರಿಗೆ ಅದೇ ಸುಲಭ. ‘ಅರೈವಲ್’ ಅನ್ನು ಮಾತ್ರ ಮೂಲ ಧ್ವನಿಯಲ್ಲಿಯೇ, ಸಬ್‌ಟೈಟಲ್ ಹಾಕಿಕೊಂಡು ನೋಡಬೇಕು, ಏಕೆಂದರೆ ಆ ಜೀವಿಗಳ ಸದ್ದು, ನಾಯಕಿಯ ತಡವರಿಕೆ, ನಡುವಿನ ಮೌನ ಇವೆಲ್ಲ ಕತೆಯ ಭಾಗಗಳೇ ಆಗಿದ್ದು ಡಬ್ಬಿಂಗ್‌ನಲ್ಲಿ ಅವು ಮಸುಕಾಗುತ್ತವೆ.